ಇನ್‌ಸ್ಟಾಲ್ ಆಗಲಿ, ಸ್ಟಾರ್ಟ್ ಆಗೋದು ಬೇಡ: ನನ್ನ ಅನುಭವ

ಡೆಬಿಯನ್, ಫೆಡೋರಾ ಎರಡೂ ಲಿನಕ್ಸ್‌ನ ಬಗೆಗಳು. ಡೆಬಿಯನ್‌ನಲ್ಲಿ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಹಾಕಿದ ಕೂಡಲೇ ಅದರ ಸರ್ವೀಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ತಾನಾಗಿಯೇ ಶುರುವಾಗುತ್ತದೆ. ಫೆಡೋರಾದಲ್ಲಿ ಹೆಚ್ಚಿನವನ್ನು ನಾವೇ ಶುರು ಮಾಡಬೇಕು. ಮನೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ ರೀತಿಯೇ ಆರಾಮ. ಲೋಡ್ ಬ್ಯಾಲೆನ್ಸರ್ (ಬರುವ ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವುದು) ಹಿಂದೆ ಬೇಕೆಂದಾಗ ಏಳುವ ಸರ್ವರ್‌ಗಳಿಗೆ ಅದೇ ಕಾಟ.

ನಮಗೆ ಪೆಟ್ಟು ಬಿದ್ದದ್ದು ಹೀಗೆ. ವೆಬ್ ಸರ್ವರ್ ಪ್ಯಾಕೇಜ್ ಇಳಿಯಿತು, ನಮ್ಮ ಕಾನ್ಫಿಗ್ ಬರುವ ಮೊದಲೇ ವೆಬ್‌ಸೈಟ್‌ಗೆ ಮೀಸಲಾದ 80ನೇ ಪೋರ್ಟ್ ಹಿಡಿದು ಕೂತಿತು. ಸರ್ವರ್ ಬದುಕಿದೆಯಾ ಎಂದು ಲೋಡ್ ಬ್ಯಾಲೆನ್ಸರ್ ಮಾಡುವ ಹೆಲ್ತ್ ಚೆಕ್‌ಗೆ 200, ಅಂದರೆ 'ಎಲ್ಲ ಸರಿ' ಎಂಬ ಉತ್ತರ ಸಿಕ್ಕಿತು. ಗಿರಾಕಿಗಳಿಗೆ ಕ್ಲೈಂಟ್‌ನ ಆನ್‌ಲೈನ್ ಅಂಗಡಿಯ ಬದಲು ಡೀಫಾಲ್ಟ್ ಸ್ವಾಗತ ಪುಟ! ಕ್ಲೈಂಟ್ ಆ ತಿಂಗಳ ಬಿಲ್‌ನಲ್ಲಿ 18-20 ಸಾವಿರ ಮುರಿದುಕೊಂಡರು.

ಇನ್‌ಸ್ಟಾಲ್ ಆದಮೇಲೆ ಸ್ಟಾಪ್ ಕೊಡುವುದು ದಂಡ. ಆಪ್ಟ್ (ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಸಾಧನ) ಒಂದೇ ಓಟದಲ್ಲಿ ಹತ್ತಾರು ಪ್ಯಾಕೇಜ್ ಹಾಕುತ್ತಿದ್ದರೆ ಸರ್ವೀಸ್ ಎದ್ದು ನಾವು ನಿಲ್ಲಿಸುವ ನಡುವೆ ಒಂದು ನಿಮಿಷವೇ ಸಿಗುತ್ತದೆ, ಹೆಲ್ತ್ ಚೆಕ್‌ಗೆ ಅಷ್ಟು ಸಾಕು. ಆಮೇಲೆ ಪಾಲಿಸಿ-ಆರ್‌ಸಿ.ಡಿ ಫೈಲ್ ಇಟ್ಟೆ. ಸರ್ವೀಸ್ ಶುರು ಮಾಡಲೇ ಎಂದು ಪ್ಯಾಕೇಜ್‌ಗಳು ಈ ಸ್ಕ್ರಿಪ್ಟ್ ಅನ್ನು ಕೇಳುತ್ತವೆ. ಎಲ್ಲಕ್ಕೂ 101, ಅಂದರೆ 'ಬೇಡ', ವಾಪಸ್ ಕೊಡಿಸಿದೆ. ಟೀಮಿನವರು ನಕ್ಕರು, 'ಯಾವ ಕಾಲದ್ದು ಇದು' ಅಂತ. ಡಾಕರ್‌ನ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಅಧಿಕೃತ ಡೆಬಿಯನ್ ಇಮೇಜ್ ಒಳಗೆ ಇದೇ ಫೈಲ್ ಕೂತಿದೆ ಎಂದು ತೆಗೆದು ತೋರಿಸಿದ ಮೇಲೆ ಸುಮ್ಮನಾದರು. ಫೈಲ್‌ಗೆ ಎಕ್ಸಿಕ್ಯೂಟ್ ಬಿಟ್ (ಓಡುವ ಅನುಮತಿ) ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ, ಗೊತ್ತಲ್ವಾ.

ಆದರೂ ಎರಡು ಕಡೆ ಕೈಕೊಟ್ಟಿತು. ಸ್ಟಾರ್ಟ್ ನಿಂತರೂ ಸರ್ವೀಸ್ ಎನೇಬಲ್ (ಬೂಟ್ ಆದಾಗ ಏಳುವಂತೆ ಗುರುತು) ಆಗಿಯೇ ಇರುತ್ತದೆ, ರೀಬೂಟ್ ಮಾಡಿದರೆ ಎದ್ದು ಕೂರುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಸೆಕ್ಯುರಿಟಿ ಅಪ್‌ಡೇಟ್ ಬಂದಾಗ ರೀಸ್ಟಾರ್ಟ್‌ಗೂ 101 ಬಿತ್ತು. ಡಿಸ್ಕ್‌ನಲ್ಲಿ ಹೊಸ ಬೈನರಿ (ಪ್ರೋಗ್ರಾಂ ಫೈಲ್), ಮೆಮೊರಿಯಲ್ಲಿ ಹಳೆಯದು. ಸರಿ, ಸ್ಟಾರ್ಟ್ ಮಾತ್ರ ತಡೆಯೋಣ ಅಂದರೆ, ಕೆಲವು ಪ್ಯಾಕೇಜ್‌ಗಳು ಅಪ್‌ಗ್ರೇಡ್‌ನಲ್ಲಿ ಮೊದಲು ನಿಲ್ಲಿಸಿ ಆಮೇಲೆ ಸ್ಟಾರ್ಟ್ ಕೇಳುತ್ತವೆ. ಅವು ನಿಂತಲ್ಲೇ ನಿಂತವು.

ಈಗಿರುವುದು ಹೀಗೆ. ಬೇಕಾದ ಯೂನಿಟ್‌ಗಳನ್ನು (ಸರ್ವೀಸ್‌ಗಳ ದಾಖಲೆಗಳು) ಇನ್‌ಸ್ಟಾಲ್‌ಗೆ ಮೊದಲೇ ಮಾಸ್ಕ್ ಮಾಡುತ್ತೇನೆ, ಅಂದರೆ ರೀಬೂಟ್‌ನಲ್ಲೂ ಏಳದಂತೆ ಪೂರ್ತಿ ತಡೆಯುತ್ತೇನೆ. ಯೂನಿಟ್ ಇನ್ನೂ ಇಲ್ಲ ಎಂದು ಸಿಸ್ಟಮ್‌ಸಿಟಿಎಲ್ (ಸರ್ವೀಸ್ ನಿಭಾಯಿಸುವ ಕಮಾಂಡ್) ಗೊಣಗುತ್ತದೆ, ಆದರೂ ತಡೆಯುವ ಲಿಂಕ್ ಹಾಕುತ್ತದೆ. ಪಾಲಿಸಿ ಫೈಲ್ ಒಂದು ಪಟ್ಟಿ ಓದುತ್ತದೆ: ಸರ್ವೀಸ್ ಹೆಸರಿದ್ದರೆ 0 (ಆಗಲಿ), ಇಲ್ಲದಿದ್ದರೆ 101. ಕಾನ್ಫಿಗ್ ಬಂದು ಪರೀಕ್ಷೆ ಪಾಸಾದರೆ ಹೆಸರು ಪಟ್ಟಿಗೆ ಸೇರಿ ಮಾಸ್ಕ್ ಬಿಚ್ಚುತ್ತದೆ, ಆಮೇಲಷ್ಟೇ ಸ್ಟಾರ್ಟ್. ಆ ಪರೀಕ್ಷೆಯಲ್ಲಿ ಏನಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದರಿಂದಲೇ ಹೊಟ್ಟೆಪಾಡು.

ಇದರ ನಡುವೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ರೆಪ್ಲಿಕಾಗೂ (ಮೂಲದ ನಕಲು ಸರ್ವರ್) ಕೈ ಹಾಕಿದೆ. ಪ್ಯಾಕೇಜ್ ತಾನೇ 'ಮೇನ್' ಕ್ಲಸ್ಟರ್ (ಡೇಟಾ ಇಡುವ ಡೈರೆಕ್ಟರಿ) ಮಾಡಿಬಿಡುತ್ತದೆ, ಡೈರೆಕ್ಟರಿ ಖಾಲಿ ಇಲ್ಲ ಎಂದು ಮೂಲದ ನಕಲು ತರುವ ಬೇಸ್‌ಬ್ಯಾಕಪ್ ಹಟ ಹಿಡಿಯುತ್ತದೆ. ಅದಕ್ಕೆ ಮಾಸ್ಕ್ ಸಾಲದು. ಪೋಸ್ಟ್‌ಗ್ರೆಸ್‌ಕ್ಯೂಎಲ್-ಕಾಮನ್ ಪ್ಯಾಕೇಜ್ ಅನ್ನು ಮೊದಲು ಹಾಕಿ, ಕ್ರಿಯೇಟ್‌ಕ್ಲಸ್ಟರ್ ಫೈಲ್‌ನಲ್ಲಿ ಮೇನ್ ಕ್ಲಸ್ಟರ್ ಸಾಲನ್ನು 'ಫಾಲ್ಸ್' ಮಾಡಿ, ಆಮೇಲೆ ಡೇಟಾಬೇಸ್ ಪ್ಯಾಕೇಜ್ ಹಾಕಬೇಕು. ಒಂದು ರೆಪ್ಲಿಕಾಗೆ ಹತ್ತು ನಿಮಿಷದಷ್ಟು ಅಳಿಸಿ ಬರೆಯುವ ಕೆಲಸ ತಪ್ಪಿತು.

ವರ್ಷದ ಮೇಲಾಯಿತು, ನಲವತ್ತು ಚಿಲ್ಲರೆ ಸರ್ವರ್‌ಗಳು ಹೀಗೇ ಓಡುತ್ತಿವೆ. ಅಂದು ನಕ್ಕವರಲ್ಲಿ ಒಬ್ಬರು ಹೋದ ತಿಂಗಳು ಸ್ಕ್ರಿಪ್ಟ್ ಕೇಳಿದರು. ಪರೀಕ್ಷೆಯ ಭಾಗ ತೆಗೆದು ಉಳಿದದ್ದನ್ನು ಕಳಿಸಿದ್ದೇನೆ.