ಒಗ್ಗರಣೆಗೆ ಮೊದಲೇ ನಾಯಿಯ ಪಾಲು

ಬೆಳಗ್ಗೆ ಈಳಿಗೆಮಣೆ ಎಳೆದ ಸದ್ದಾದರೆ ಸಾಕು, ನಮ್ಮ ಚಿನ್ನಿ ಅಡುಗೆಮನೆ ಬಾಗಿಲಿಗೆ ಬಂದು ಕೂರುತ್ತಾಳೆ. ಹುಳಿಗೆ ಹೆಚ್ಚಿದ ತರಕಾರಿಯಲ್ಲಿ ಅವಳ ಪಾಲನ್ನು ಮೊದಲು ತೆಗೆದಿಡುತ್ತೇನೆ. ಉಪ್ಪು, ಖಾರ, ಹುಣಸೆಹಣ್ಣು, ಒಗ್ಗರಣೆ ಎಲ್ಲ ಆಮೇಲೆ. ಬೆಂಗಳೂರು ತ್ಯಾಗರಾಜನಗರದ ಈ ಮನೆಯಲ್ಲಿ 30 ವರ್ಷದಿಂದ ಒಂದಲ್ಲ ಒಂದು ನಾಯಿ ಇದ್ದೇ ಇದೆ. ಬೀದಿಯ ಹುಡುಗ ಹುಡುಗಿಯರು ಹೊಸದಾಗಿ ಮರಿ ತಂದು, 'ಆಂಟಿ, ಇದಕ್ಕೆ ತಿನ್ನೋಕೆ ಏನು ಕೊಡಬಹುದು?' ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಒಗ್ಗರಣೆ ಬಿದ್ದ ಮೇಲೆ ಅದು ನಮ್ಮ ಊಟ. ಬೀಳುವ ಮೊದಲು ತೆಗೆದಿಟ್ಟದ್ದು ನಾಯಿಯದು.

ಮೊದಲ ನಾಯಿ ರಾಜನ ಕಾಲದಲ್ಲಿ ನನಗೆ ಇದು ಗೊತ್ತಿರಲಿಲ್ಲ. ನಮ್ಮೆಜಮಾನರು ಕಾಫಿ ಜೊತೆ ಎರಡು ಬಿಸ್ಕತ್ತು ಹಾಕುತ್ತಿದ್ದರು. ಅತ್ತೆ ಬನ್ನಿನ ತುಂಡು ಕೊಡುತ್ತಿದ್ದರು. ಮಕ್ಕಳು ಸ್ಕೂಲಿಂದ ಬಂದ ಮೇಲೆ ಇನ್ನೆರಡು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಾಗುತ್ತಲೇ ಇರಲಿಲ್ಲ. 10 ಕಿಲೋ ಇರಬೇಕಾದ ನಾಯಿ 14 ಕಿಲೋ ಆಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ನನ್ನ ಕೈ ಹಿಡಿದು ಅವನ ಪಕ್ಕೆ ಮೇಲೆ ಇಟ್ಟು, 'ಮೂಳೆ ಸಿಗ್ತಾ ಇದೆಯಾ ನೋಡಿ' ಅಂದರು. ಸಿಗಲಿಲ್ಲ. ನೀವೂ ಮನೆಯಲ್ಲಿ ಹೀಗೆ ನೋಡಬಹುದು. ಮೆಲ್ಲಗೆ ಸವರಿದರೆ ಪಕ್ಕೆಲುಬು ಬೆರಳಿಗೆ ತಾಗಬೇಕು. ಒತ್ತಿ ಹುಡುಕಬೇಕಾದರೆ ನಾಯಿ ದಪ್ಪ ಆಗಿದೆ ಅಂತಲೇ ಅರ್ಥ.

ದಿನದ ಒಟ್ಟು ಆಹಾರದ ಕ್ಯಾಲೊರಿಯಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು, ಊಟದ ನಡುವೆ ಕೊಡುವ ತಿಂಡಿಯಿಂದ ಬರಬಾರದು ಅಂತ ಪಶುವೈದ್ಯರು ಹೇಳುತ್ತಾರೆ. ಮನೆಯಲ್ಲೇ ಇರುವ 10 ಕಿಲೋ ನಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಬೇಕು. ಅಂದರೆ ತಿಂಡಿಯ ಪಾಲು 50. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲೇ 20ರ ಮೇಲಿರುತ್ತದೆ. ಎರಡು ಕೊಟ್ಟರೆ ಆ ದಿನದ ಲೆಕ್ಕ ಮುಗಿಯಿತು. ಅದರಲ್ಲಿ ಇರುವುದೂ ಮೈದಾ, ಸಕ್ಕರೆ, ಎಣ್ಣೆ ಅಷ್ಟೇ. 100 ಗ್ರಾಂ ಕ್ಯಾರೆಟ್‌ನಲ್ಲಿ ಇರುವುದು ಸುಮಾರು 40 ಕ್ಯಾಲೊರಿ. ಚೂರು ಮಾಡಿದರೆ ಒಂದು ಬಟ್ಟಲು ಆಗುತ್ತದೆ. ಇಡೀ ದಿನ ಕೊಡಬಹುದು!

ಹಾಗಾಗಿ ನಾನೊಂದು ಡಬ್ಬಿ ಪದ್ಧತಿ ಮಾಡಿದೆ. ಬೆಳಗ್ಗೆಯೇ ಆ ದಿನದ ತಿಂಡಿಯನ್ನು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಇಡುತ್ತೇನೆ. ಯಾರು ಕೊಟ್ಟರೂ ಅದರಿಂದಲೇ ಕೊಡಬೇಕು. ಡಬ್ಬಿ ಖಾಲಿ ಆದರೆ ಅವತ್ತಿಗೆ ಮುಗಿಯಿತು. ಚೂರು ಕಡಲೆಕಾಳಿನಷ್ಟು ಇದ್ದರೆ ಸಾಕು. ನಾಯಿ ಗಾತ್ರ ನೋಡುವುದಿಲ್ಲ, ಎಷ್ಟು ಸಲ ಕೈ ಚಾಚಿದಿರಿ ಅಂತ ನೋಡುತ್ತದೆ.

ಡಬ್ಬಿಗೆ ಏನು ಹಾಕಬಹುದು? ಕ್ಯಾರೆಟ್, ಬೀನ್ಸ್, ಸೌತೆಕಾಯಿ. ಬೇಯಿಸಿದ ಸಿಹಿಕುಂಬಳ ಹೊಟ್ಟೆಗೂ ಹಗುರ. ಸಿಪ್ಪೆ ತೆಗೆದು ಬೇಯಿಸಿದ ಗೆಣಸು ಅಂದರೆ ಚಿನ್ನಿಗೆ ಪ್ರಾಣ. ಆದರೆ ಅದರಲ್ಲಿ ಪಿಷ್ಟ ಜಾಸ್ತಿ, ನಾಲ್ಕು ಚೂರು ಸಾಕು. ಸೇಬನ್ನು ಬೀಜ, ದಿಂಡು ತೆಗೆದು ಕೊಡಿ. ಕಲ್ಲಂಗಡಿ, ಪರಂಗಿಯನ್ನೂ ಬೀಜ ಸಿಪ್ಪೆ ತೆಗೆದೇ ಕೊಡಿ. ಮಾಂಸ ಮಾಡುವ ಮನೆಯಾದರೆ ಉಪ್ಪು ಮಸಾಲೆ ಹಾಕದೆ ಬೇಯಿಸಿದ, ಮೂಳೆ ಇಲ್ಲದ ಕೋಳಿಯ ಚೂರು ತುಂಬ ಒಳ್ಳೆಯದು. ಬೇಯಿಸಿದ ಮೊಟ್ಟೆಯೂ ಆಗುತ್ತದೆ. ಆದರೆ ಒಂದು ಮೊಟ್ಟೆಯಲ್ಲೇ 70 ಕ್ಯಾಲೊರಿ ಇದೆ, ಸಣ್ಣ ನಾಯಿಗೆ ಅರ್ಧವೇ ಹೆಚ್ಚು. ಹಾಲು ಬೇಡ. ಬೆಳೆದ ಎಷ್ಟೋ ನಾಯಿಗಳಿಗೆ ಹಾಲಿನ ಸಕ್ಕರೆ ಜೀರ್ಣ ಆಗುವುದಿಲ್ಲ, ಭೇದಿ ಶುರುವಾಗುತ್ತದೆ. ಒಂದು ಚಮಚ ಸಪ್ಪೆ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಯಾವುದೇ ಆಗಲಿ, ಹೊಸದನ್ನು ಒಂದೊಂದಾಗಿ ಕೊಡಿ. ಎರಡು ದಿನ ಕಕ್ಕಸ್ಸು ಸರಿ ಇದೆಯಾ ನೋಡಿ, ಆಮೇಲೆ ಮುಂದಿನದು.

ಈಗ ಭಯದ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಗಮನ ಇಟ್ಟು ಓದಿ. ಎದುರು ಮನೆಯಲ್ಲಿ ಸತ್ಯನಾರಾಯಣ ಪೂಜೆ ಆಯಿತು. ಪುಟ್ಟ ಹುಡುಗಿ ಪ್ರೀತಿಯಿಂದ ತನ್ನ ಸಪಾದವನ್ನು ನಾಯಿಮರಿಗೂ ತಿನ್ನಿಸಿದಳು. ಅದರಲ್ಲಿ ಒಣದ್ರಾಕ್ಷಿ ಇತ್ತು. ಅದೃಷ್ಟಕ್ಕೆ ಅವಳ ಅಮ್ಮ ನೋಡಿದರು. ಅರ್ಧ ಗಂಟೆಯೊಳಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ವಾಂತಿ ಮಾಡಿಸಿದರು. ಎರಡು ದಿನ ಡ್ರಿಪ್ ಹಾಕಿ, ಕಿಡ್ನಿಗೆ ಪೆಟ್ಟಾಗಿದೆಯೇ ಅಂತ ರಕ್ತ ಪರೀಕ್ಷೆ ಮಾಡಿದರು. ಮರಿ ಉಳಿಯಿತು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸಬಹುದು. ಒಂದು ನಾಯಿಗೆ ಏನೂ ಆಗದಷ್ಟು ತಿಂದು ಇನ್ನೊಂದು ಸಾಯಬಹುದು. ಅದಕ್ಕೇ 'ಒಂದೇ ಒಂದು' ಅನ್ನುವ ಮಾತೇ ಬೇಡ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬಹುದು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಹೇಳಿದರು. ನಮ್ಮ ಹುಣಸೆಹಣ್ಣಿನ ಹುಳಿಗೂ ಅದೇ ಆಮ್ಲ ಕಾರಣ. ಆದ್ದರಿಂದ ಸಾರು, ಹುಳಿ, ಪುಳಿಯೋಗರೆ ಕಲಸಿದ ಅನ್ನವನ್ನು ನಾಯಿಗೆ ಹಾಕಬೇಡಿ.

ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವೆ. ಬೆಂದರೂ, ಹುರಿದರೂ, ಪುಡಿಯಾದರೂ ಆ ಗುಣ ಹೋಗುವುದಿಲ್ಲ. ಬೇಕರಿಯ ಖಾರಾ ಬನ್, ಈರುಳ್ಳಿ ಪಕೋಡ, ಸಾಗು ಯಾವುದೂ ಬೇಡ. ಚಾಕೊಲೇಟ್ ಬೇಡ, ಕಪ್ಪಗಿದ್ದಷ್ಟೂ ಅಪಾಯ ಜಾಸ್ತಿ. ಶುಗರ್ ಫ್ರೀ ಚ್ಯೂಯಿಂಗ್ ಗಮ್‌ನಲ್ಲಿ ಕ್ಸೈಲಿಟಾಲ್ ಅನ್ನುವ, ಸಕ್ಕರೆ ಬದಲು ಹಾಕುವ ಸಿಹಿ ಇರಬಹುದು. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಂದೇ ಸಲ ಇಳಿಸಿಬಿಡುತ್ತದೆ. ಕಡಲೆಕಾಯಿ ಬೆಣ್ಣೆ ಕೊಡುವವರೂ ಡಬ್ಬಿ ಮೇಲೆ ಈ ಹೆಸರಿದೆಯಾ ನೋಡಿ. ಇಂಥದ್ದೇನಾದರೂ ತಿಂದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಮನೆಮದ್ದು ಮಾಡಬೇಡಿ. ಎಷ್ಟು ತಿಂದಿತು, ಯಾವಾಗ ತಿಂದಿತು ಅಂತ ಬರೆದುಕೊಂಡು ಹತ್ತಿರದ ಪಶುವೈದ್ಯರ ಬಳಿಗೆ ಓಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಆಸ್ಪತ್ರೆ ಇದೆ. ಆದರೆ ನಮ್ಮ ಟ್ರಾಫಿಕ್ ನಿಮಗೆ ಗೊತ್ತಲ್ವಾ? ಮನೆ ಹತ್ತಿರದ ಡಾಕ್ಟರ ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಡಿ.

ಅಂಗಡಿಯ ತಿಂಡಿ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಯಾವುದು ಹೆಚ್ಚು ಇದೆಯೋ ಅದರ ಹೆಸರು ಮೊದಲು ಇರುತ್ತದೆ. ಮಾಂಸದ ತಿಂಡಿ ಅಂತ ಹೇಳಿ ಮೊದಲ ಹೆಸರು ಗೋಧಿ ಹಿಟ್ಟಿದ್ದರೆ ವಾಪಸ್ ಇಟ್ಟುಬಿಡಿ. ಕೆಂಪು, ಹಸಿರು ಬಣ್ಣದ ಕಡ್ಡಿಗಳಿಗೆ ಮರುಳಾಗಬೇಡಿ. ನಾಯಿಗೆ ಆ ಎರಡು ಬಣ್ಣದ ವ್ಯತ್ಯಾಸವೇ ಸರಿಯಾಗಿ ಕಾಣುವುದಿಲ್ಲ. ಅಗಿಯುವ ತಿಂಡಿಯನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ ಹಲ್ಲು ಒಡೆಯುತ್ತದೆ. ಬೇಯಿಸಿದ ಮೂಳೆ ಅಂತೂ ಬೇಡವೇ ಬೇಡ. ಅದು ಸೀಳಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ಚಿನ್ನಿಗೆ ಈಗ 11 ವರ್ಷ. ಹಿಂದಿನ ಹಾಗೆ ಹಸಿ ಕ್ಯಾರೆಟ್ ಕಟಕಟ ಅಗಿಯುವುದಕ್ಕೆ ಆಗುವುದಿಲ್ಲ. ಕುಕ್ಕರಿನಲ್ಲಿ ಬೇಳೆ ಮೇಲೆ ಪುಟ್ಟ ಬಟ್ಟಲಿಟ್ಟು ಕ್ಯಾರೆಟ್, ಬೀನ್ಸ್ ಮೆತ್ತಗೆ ಬೇಯಿಸುತ್ತೇನೆ. ಆರಿದ ಮೇಲೆ ಬೆರಳಲ್ಲಿ ಹಿಸುಕಿ ಅಂಗೈಯಲ್ಲಿ ಹಿಡಿದರೆ, ನಿಧಾನವಾಗಿ ನೆಕ್ಕಿ ಮುಗಿಸುತ್ತಾಳೆ.