ಗೊಬ್ಬರದ ಶೆಡ್ಡಿನಲ್ಲಿದ್ದ ಸ್ಪಿಟ್‌ಫೈರ್

ಹಳೇ ಕಾರು ರೆಡಿ ಮಾಡಿದೆ ಅಂದರೆ ಜನ ಮೊದಲು ಕೇಳುವುದು, "ಯಾವ ಬಣ್ಣ ಹೊಡೆಸಿದ್ರಿ?" ಆಮೇಲೆ, "ಎಷ್ಟಾಯ್ತು?" ತುಕ್ಕು ಹಿಡಿಸಿದ ನೀರು ಎಲ್ಲಿ ನಿಂತಿತ್ತು ಅಂತ ಯಾರೂ ಕೇಳುವುದಿಲ್ಲ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಅದನ್ನು ಹುಡುಕುವುದೇ ಆಗಿತ್ತು.

ಕಾರು 1966ರ ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 2. ಎರಡೇ ಸೀಟು, 1147 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್. ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ಟು ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೂಡಿಗೆರೆ ಕಡೆಯ ತೋಟವೊಂದರ ಇಂಗ್ಲಿಷ್ ಮ್ಯಾನೇಜರು ಊರಿಗೆ ವಾಪಸ್ ಹೋಗುವಾಗ ನಮ್ಮ ದೊಡ್ಡಪ್ಪನಿಗೆ ಮಾರಿ ಹೋದದ್ದು. ದೊಡ್ಡಪ್ಪ ಜೀಪು ತೆಗೆದುಕೊಂಡ ಮೇಲೆ ಇದು ಗೊಬ್ಬರದ ಶೆಡ್ಡು ಸೇರಿತು. ಇಲ್ಲಿನ ರಸ್ತೆಗೆ ಜೀಪೇ ಸರಿ, ಅವರದ್ದೇನೂ ತಪ್ಪಿಲ್ಲ.

ಶೆಡ್ಡಿನಿಂದ ಎಳೆದು ಹೊರಗೆ ತಂದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಡಗಡೆ ಬಾಗಿಲ ಕೆಳಗಿನ ಸಿಲ್ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಬಲಗಡೆಯದು ಅಷ್ಟು ಕೆಟ್ಟಿರಲಿಲ್ಲ. ಒಂದೇ ಶೆಡ್ಡು, ಒಂದೇ ಮಳೆ, ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ? ಎಡಗಡೆ ಗೋಡೆಗೆ ವರ್ಷಗಟ್ಟಲೆ ಪೊಟ್ಯಾಷ್ ಮೂಟೆ ಪೇರಿಸಿದ್ದರು. ತೋಟಕ್ಕೆ ಹಾಕುವ ಆ ಕೆಂಪು ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ತಮ್ಮ. ಮಳೆಗಾಲದ ಗಾಳಿಯಲ್ಲಿ ತೇವ ಎಳೆದುಕೊಂಡು ಒಸರುತ್ತದೆ. ಕ್ಲೋರೈಡು ಕಬ್ಬಿಣದ ಮೇಲೆ ಕೂತರೆ ತುಕ್ಕು ನಿಲ್ಲುವುದೇ ಇಲ್ಲ. ಅದರ ಪಕ್ಕದಲ್ಲೇ ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ. ಅದು ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಅಂತ ನೋಡಬೇಕಾದರೆ ಮೈಲುತುತ್ತದ ನೀರಿಗೆ ಒಂದು ಮೊಳೆ ಹಾಕಿ.

ಹಾಗಾಗಿ ವೈರ್ ಬ್ರಷ್ ಹಿಡಿಯುವ ಮೊದಲು ತೊಳೆಯುವ ಕೆಲಸ ಮಾಡಿದೆ. ಕಾಫಿ ಕಣ ಖಾಲಿಯಾಗುವವರೆಗೆ ಕಾದು, ಕಾರನ್ನು ಅಲ್ಲಿಗೆ ತಳ್ಳಿ, ಪೈಪಿನ ನೀರು ಬಿಟ್ಟು ಸಂದುಗೊಂದನ್ನೆಲ್ಲ ಮತ್ತೆ ಮತ್ತೆ ತೊಳೆದೆ. ಕಣದ ಬಿಸಿಲಲ್ಲಿ ಒಣಗಿಸಿದೆ. ತುಕ್ಕು ಹಿಡಿದ ಕಾರಿಗೆ ನೀರು ಬಿಡುವುದನ್ನು ನೋಡಿ ಆಳುಗಳು ನಕ್ಕರು. ಆದರೆ ಉಪ್ಪು ಒಳಗಿಟ್ಟುಕೊಂಡು ಮೇಲೆ ಎಂಥ ಪ್ರೈಮರ್ ಹೊಡೆದರೂ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ.

ಇನ್ನು ಸಿಲ್. ಸ್ಪಿಟ್‌ಫೈರ್ ಹುಟ್ಟಿದ್ದು ಟ್ರಯಂಫ್ ಹೆರಾಲ್ಡ್ ಕಾರಿನ ಚಾಸಿಯನ್ನು ಗಿಡ್ಡ ಮಾಡಿ. ಹೆರಾಲ್ಡಿಗೆ ಚಾಸಿಯ ಎರಡು ಪಕ್ಕದಲ್ಲೂ ಆಸರೆಯ ಕಂಬಿ ಇದೆ. ಇದರಲ್ಲಿ ಅದನ್ನು ತೆಗೆದು, ಆ ಭಾರವನ್ನು ಸಿಲ್ ಮೇಲೆ ಹಾಕಿದ್ದಾರೆ. ಮೇಲೆ ಗಟ್ಟಿ ಟಾಪ್ ಇಲ್ಲದ ಕಾರು ಬೇರೆ. ಅಂದರೆ ಸಿಲ್ ಇಲ್ಲಿ ಅಂದಕ್ಕಿರುವ ತಗಡಲ್ಲ. ಒಳಗೊಂದು, ನಡುವೆ ಬಲಕ್ಕೊಂದು, ಹೊರಗೊಂದು, ಹೀಗೆ ಮೂರು ಪದರ ಸೇರಿ ಕಾರನ್ನು ಹಿಡಿದು ನಿಲ್ಲಿಸುತ್ತವೆ.

ಹಿಂದೆ ಯಾವುದೋ ವರ್ಕ್‌ಶಾಪಿನವರು ಹೊರಗಿನ ಪದರದ ತೂತಿಗೆ ಗೋಣಿಚೀಲ ತುರುಕಿ, ಮೇಲೆ ಪುಟ್ಟಿ ಬಳಿದು ನುಣ್ಣಗೆ ಮಾಡಿದ್ದರು. ಆ ಗೋಣಿ ನೀರು ಕುಡಿದುಕೊಂಡು ಒಳಗೇ ಕೂತಿತ್ತು. ಕೈ ಹಾಕಿ ಎಳೆದರೆ ಕಪ್ಪು ಕೆಸರು, ಅದರ ಜೊತೆ ಚಿಪ್ಪುಚಿಪ್ಪಾಗಿ ತುಕ್ಕು. ಅಡಿಯಲ್ಲಿ ನೀರು ಇಳಿಯಲೆಂದು ಫ್ಯಾಕ್ಟರಿಯವರು ಬಿಟ್ಟ ತೂತುಗಳನ್ನೂ ಪುಟ್ಟಿಯಿಂದಲೇ ಮುಚ್ಚಿದ್ದರು. ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೆ.

ನಮ್ಮ ವೆಲ್ಡರ್ ಅಣ್ಣನಿಗೂ ಮೊದಲು ಮನಸ್ಸಿರಲಿಲ್ಲ. "ಸಾರ್, ತಗಡು ಇಟ್ಟು ಪುಟ್ಟಿ ಎಳೆದ್ರೆ ಯಾರಿಗೂ ಗೊತ್ತಾಗಲ್ಲ. ಸುಮ್ನೆ ಯಾಕೆ ಪೂರ್ತಿ ಕತ್ತರಿಸ್ತೀರ?" ಅಂದರು. "ಬಾಗಿಲಿಗೆ ಗೊತ್ತಾಗುತ್ತಲ್ಲಣ್ಣ" ಅಂದೆ.

ನಿಜವಾಗಲೂ ಬಾಗಿಲೇ ಇಲ್ಲಿ ಅಳತೆಗೋಲು. ಸಿಲ್ ಕತ್ತರಿಸಿದ ಕೂಡಲೇ ಕಾರಿನ ನಡು ಕುಸಿಯಲು ನೋಡುತ್ತದೆ. ಒಂದೆರಡು ಮಿಲಿಮೀಟರ್ ಕುಸಿದರೂ ಸಾಕು, ಆಮೇಲೆ ಬಾಗಿಲು ಕೂರುವುದಿಲ್ಲ. ಅದಕ್ಕೇ ಬಾಡಿಯನ್ನು ಚಾಸಿಯಿಂದ ಬಿಚ್ಚದೆ, ಚಾಸಿಯ ಕೆಳಗೆ ಸಮನಾಗಿ ದಿಮ್ಮಿ ಕೊಟ್ಟು, ಬಾಗಿಲ ಜಾಗಕ್ಕೆ ಅಡ್ಡಡ್ಡ ಚೌಕ ಪೈಪು ವೆಲ್ಡ್ ಮಾಡಿಸಿದೆ. ಒಂದು ಪಕ್ಕ ಪೂರ್ತಿ ಮುಗಿಯುವವರೆಗೆ ಇನ್ನೊಂದು ಪಕ್ಕ ಮುಟ್ಟಲಿಲ್ಲ. ಹೊರಗಿನ ಪದರಕ್ಕೆ 20 ಗೇಜಿನ ಸಿಆರ್ ಶೀಟು (ಕೋಲ್ಡ್ ರೋಲ್ಡ್ ಉಕ್ಕಿನ ತಗಡು), ನಡುವಿನದಕ್ಕೆ ಇನ್ನೂ ದಪ್ಪದ 18 ಗೇಜು. ಮೊದಲು ಕ್ಲಾಂಪ್ ಹಾಕಿ ನಿಲ್ಲಿಸಿ, ಪೈಪು ತೆಗೆದು, ಬಾಗಿಲು ಸಿಕ್ಕಿಸಿ, ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇದೆಯೇ ಅಂತ ನೋಡಿಕೊಂಡು, ಪೈಪು ವಾಪಸ್ ಹಾಕಿ, ಆಮೇಲೆ ವೆಲ್ಡಿಂಗ್. ಅದೂ ಸಿಒ2 ವೆಲ್ಡಿಂಗ್. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು ತಣಿಯಲು ಬಿಡಬೇಕು. ಒಂದೇ ಸಮನೆ ಎಳೆದರೆ ತೆಳು ತಗಡು ಸೊಟ್ಟಗಾಗುತ್ತದೆ. ತಗಡಿನ ಮೇಲೆ ತಗಡು ಕೂರುವ ಜಾಗಕ್ಕೆಲ್ಲ ಮೊದಲೇ ಜಿಂಕ್ ಪ್ರೈಮರ್ ಹೊಡೆದಿದ್ದೆ. ಕೊನೆಗೆ ಸಿಲ್ ಒಳಗೆ ಉದ್ದ ನಳಿಗೆಯಲ್ಲಿ ಮೇಣ ಸಿಂಪಡಿಸಿ, ಅಡಿಯ ತೂತುಗಳಿಗೆ ತಂತಿ ತೂರಿಸಿ ನೋಡಿದೆ. ಅಲ್ಲಿಂದ ಮೇಣ ತೊಟ್ಟಿಕ್ಕಿದರೆ ದಾರಿ ಸರಿಯಾಗಿದೆ ಅಂತ ಲೆಕ್ಕ.

ಬ್ರಾಕೆಟ್ಟು, ಹಿಂಜು, ಬೋಲ್ಟುಗಳಿಗೆ ಕಾಕಂಬಿ ಬಳಸಿದೆ. ದನಕ್ಕೆ ಹಾಕುವ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು. ಡ್ರಮ್ಮಿನಲ್ಲಿ ಎರಡು ವಾರ ಬಿಟ್ಟರೆ ತುಕ್ಕು ತಾನೇ ಬಿಡುತ್ತದೆ, ಗಟ್ಟಿ ಕಬ್ಬಿಣ ಉಳಿಯುತ್ತದೆ. ಅಲ್ಯುಮಿನಿಯಂ ಮಾತ್ರ ಹಾಕಬೇಡಿ, ಕರಗುತ್ತದೆ. ವಾಸನೆಗೆ ಮನೆಯವರು ಡ್ರಮ್ಮನ್ನು ಕೊಟ್ಟಿಗೆಯ ಆಚೆಗೆ ಇಡಿಸಿದರು. ಅವಸರದವರಿಗೆ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್ ದಾರಿ ಇದೆ. ಆ ನೀರಿನಲ್ಲಿಟ್ಟ ತುಕ್ಕಿನ ಸಾಮಾನಿಗೆ ಮೈನಸ್, ಅದರಲ್ಲೇ ಇಟ್ಟ ಒಂದು ಹಳೇ ಕಬ್ಬಿಣದ ಪಟ್ಟಿಗೆ ಪ್ಲಸ್. ಪ್ಲಸ್ಸಿಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಬೇಕು.

ಹೊರಗಿನಿಂದ ಕಾಣದ ಇನ್ನೊಂದು ತುಕ್ಕು ಮುಂದಿನ ಚಕ್ರದಲ್ಲಿದೆ. ಚಕ್ರ ಹಿಡಿಯುವ ಉಕ್ಕಿನ ಕಾಲು ಕೆಳಗೆ ಟ್ರನಿಯನ್ ಅನ್ನುವ ಹಿತ್ತಾಳೆ ಬಣ್ಣದ ಗೂಡಿನೊಳಗೆ ತಿರುಪಿನ ಮರೆಯ (ಥ್ರೆಡ್) ಮೇಲೆ ಕೂರುತ್ತದೆ. ಅದಕ್ಕೆ 90 ನಂಬರ್ ಗೇರ್ ಆಯಿಲ್ ಹಾಕಬೇಕು. ನಮ್ಮಲ್ಲಿ ಎಲ್ಲದಕ್ಕೂ ಗ್ರೀಸ್ ಗನ್ ಹಿಡಿಯುವ ಅಭ್ಯಾಸ ಅಲ್ವಾ? ಗ್ರೀಸು ಅಡಿಯವರೆಗೆ ಇಳಿಯುವುದಿಲ್ಲ, ಅಲ್ಲಿ ನೀರು ನಿಲ್ಲುತ್ತದೆ, ಮರೆ ತುಕ್ಕು ತಿಂದು ಒಂದು ದಿನ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ಕಾಲು, ಟ್ರನಿಯನ್ ಎರಡನ್ನೂ ಬದಲಾಯಿಸಿದೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದರ ನೆಂಟ ತಾನೆ? ಅದರ ಹಳೇ ಸ್ಟಾಕು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಸಿಕ್ಕಿತು.

ಎಂಜಿನ್ ವಿಷಯ ಹೆಚ್ಚೇನಿಲ್ಲ. ಪ್ಲಗ್ ಬಿಚ್ಚಿ ಎಣ್ಣೆ ಸುರಿದು ಬಿಟ್ಟು, ಕೈಯಲ್ಲೇ ನಿಧಾನಕ್ಕೆ ತಿರುಗಿಸಿದ ಮೇಲೆ ಬಿಟ್ಟುಕೊಂಡಿತು. ಪೆಟ್ರೋಲಿನಲ್ಲಿ ಈಗ ಶೇ. 20ರಷ್ಟು ಎಥೆನಾಲ್ ಬರುವುದರಿಂದ ಹಳೇ ರಬ್ಬರ್ ಪೈಪೆಲ್ಲ ಕಿತ್ತು, ಅದನ್ನು ತಡೆಯುವ ಪೈಪು ಹಾಕಿದೆ. ಈ ಕಾರಿನಲ್ಲಿ ಬಾಡಿಯ ಜೊತೆ ಸೇರಿಸುವುದು ಬ್ಯಾಟರಿಯ ಪ್ಲಸ್, ಈಗಿನ ಕಾರುಗಳ ಹಾಗೆ ಮೈನಸ್ ಅಲ್ಲ. ಎಲೆಕ್ಟ್ರಿಷಿಯನ್ನಿಗೆ ಇದನ್ನು ಮೊದಲೇ ಹೇಳಿ, ಬಾನೆಟ್ಟಿನ ಒಳಗೂ ಬರೆದು ಅಂಟಿಸಿ.

ಬಣ್ಣ ಹೊಡೆದದ್ದು ಫೆಬ್ರವರಿಯಲ್ಲಿ. ಮಳೆಗಾಲದಲ್ಲಿ ಬೆಳಿಗ್ಗೆ ಉಜ್ಜಿದ ತಗಡು ಸಂಜೆಗೆ ಕಂದಾಗುತ್ತದೆ. ತೇವದ ಗಾಳಿಯಲ್ಲಿ ಹೊಡೆದ ಬಣ್ಣ ಹಾಲು ಚೆಲ್ಲಿದ ಹಾಗೆ ಮಂಕಾಗುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂ ಮಳೆ ಬರುವುದರೊಳಗೆ ಮುಗಿಸಬೇಕು. ಬಣ್ಣ ಯಾವುದು ಅಂದರೆ ಬಿಳಿ.

ದಾಖಲೆಗೆ 2021ರ ನಿಯಮ ನೆರವಾಗುತ್ತದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ 'ವಿಎ' ಬರುತ್ತದೆ, ದಿನದ ಓಡಾಟಕ್ಕೆ ಮಾತ್ರ ಬಳಸುವಂತಿಲ್ಲ. ನನ್ನ ಕಾಗದಪತ್ರ ಇನ್ನೂ ನಡೆಯುತ್ತಿದೆ. ಮೇಲೆ ಮುಚ್ಚುವ ಬಟ್ಟೆಯ ಹುಡ್ ಕೂಡ ಬಾಕಿ. ಹಾಸನದಲ್ಲಿ ಜೀಪಿನ ಹುಡ್ ಹೊಲಿಯುವವರಿಗೆ ಅಳತೆ ಕೊಟ್ಟು ಬಂದಿದ್ದೇನೆ. ಜೂನ್ ಒಳಗೆ ಕೊಡುತ್ತೇವೆ ಅಂದಿದ್ದಾರೆ.