ಗಂಟಲಲ್ಲಿ ಸದಾ ಕಫ ಕೂತ ಹಾಗಿದೆಯಾ? ಮೊದಲು ಹೊತ್ತು ನೋಡಿ

ನಮ್ಮಮ್ಮ ಎರಡು ವರ್ಷ ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಿಂತು ಕ್ಯಾಕರಿಸುತ್ತಿದ್ದರು. ಬರುತ್ತಿದ್ದದ್ದು ಒಂದಿಷ್ಟು ಬಿಳಿ ನೊರೆ ಅಷ್ಟೇ. ಶೀತ ಅಂದುಕೊಂಡು ಸಿರಪ್ ಮೇಲೆ ಸಿರಪ್ ಕುಡಿದರು. ಆಮೇಲೆ ಗೊತ್ತಾಯಿತು, ತೊಂದರೆ ಇದ್ದದ್ದು ಹೊಟ್ಟೆಯಲ್ಲಿ.

ಅದಕ್ಕೇ ಹೇಳುವುದು, ಔಷಧಿಗೆ ಮೊದಲು ಒಂದು ವಾರ ಗಮನಿಸಿ. ಯಾವ ಹೊತ್ತಲ್ಲಿ ಜಾಸ್ತಿ, ಏನು ತಿಂದ ಮೇಲೆ, ಎಲ್ಲಿದ್ದಾಗ ಅಂತ ಬರೆದಿಡಿ.

ಕಸ ಗುಡಿಸುವಾಗ, ಹಳೇ ಹೊದಿಕೆ ಕೊಡವುವಾಗ ಸೀನು ಬಂದು, ಮೂಗು ಕಟ್ಟಿ, ಕಣ್ಣು ತುರಿಸಿದರೆ ಬಹುಶಃ ಅಲರ್ಜಿ. ನಮ್ಮ ಮೂಗು ದಿನಾ ಸುಮಾರು 1 ಲೀಟರ್ ಲೋಳೆ ತಯಾರಿಸುತ್ತದೆ, ಗೊತ್ತಿಲ್ಲದೇ ನುಂಗುತ್ತಿರುತ್ತೇವೆ. ಅದು ಜಾಸ್ತಿಯಾದಾಗ ಅಥವಾ ಗಟ್ಟಿಯಾದಾಗ ಗಂಟಲ ಹಿಂದೆ ಇಳಿಯುವುದು ಗೊತ್ತಾಗುತ್ತದೆ. ದಿಂಬಿನ ಕವರನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಉಪ್ಪುನೀರಲ್ಲಿ ಮೂಗು ತೊಳೆಯುವುದಾದರೆ ಕುದಿಸಿ ಆರಿಸಿದ ನೀರೇ ಬೇಕು, ನಲ್ಲಿ ನೀರು ನೇರವಾಗಿ ಬೇಡ. ಕಟ್ಟಿದ ಮೂಗು ಬಿಡಿಸುವ ಡ್ರಾಪ್ಸನ್ನು 5 ದಿನಕ್ಕಿಂತ ಜಾಸ್ತಿ ಹಾಕಬೇಡಿ, ಆಮೇಲೆ ಅದೇ ಮೂಗು ಕಟ್ಟಿಸುತ್ತದೆ.

ಊಟವಾದ ಮೇಲೆ ಅಥವಾ ಎದ್ದ ಕೂಡಲೇ ಜಾಸ್ತಿ, ದನಿ ಒಡೆದಿದೆ, ಬಾಯಿ ಹುಳಿ ಅಂದರೆ ಹೊಟ್ಟೆಯ ಆಸಿಡ್ ಮೇಲೆ ಬರುತ್ತಿರಬಹುದು. ಎದೆಯುರಿ ಇಲ್ಲವಲ್ಲ ಅಂತ ಜನ ಇದನ್ನು ನಂಬುವುದೇ ಇಲ್ಲ, ಆದರೆ ಎಷ್ಟೋ ಜನಕ್ಕೆ ಎದೆಯುರಿ ಇಲ್ಲದೆಯೂ ಗಂಟಲಿಗೆ ಮಾತ್ರ ತೊಂದರೆ ಆಗುತ್ತದೆ. ಅಮ್ಮ ರಾತ್ರಿ ಹತ್ತಕ್ಕೆ ಅನ್ನ ಸಾರು ಉಂಡು ಹತ್ತೂವರೆಗೆ ಮಲಗುತ್ತಿದ್ದರು. ಈಗ ಊಟ ಏಳಕ್ಕೆ, ಮಲಗುವುದು ಮೂರು ಗಂಟೆ ಬಿಟ್ಟು. ಮಂಚದ ತಲೆ ಕಡೆಯ ಎರಡೂ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು 6 ಇಂಚು ಎತ್ತರಿಸಿದ್ದೇವೆ. ಸುಮ್ನೆ ದಿಂಬು ಜಾಸ್ತಿ ಮಾಡಿದರೆ ಹೊಟ್ಟೆ ಮಡಚಿಕೊಳ್ಳುತ್ತದೆ, ಉಪಯೋಗವಿಲ್ಲ. ಸಂಜೆಯ ಕಾಫಿ, ಬಜ್ಜಿಯನ್ನೂ ಬಿಟ್ಟರು. ಗಂಟಲು ತಿಳಿಯಾಗಲು ಸುಮಾರು ಎರಡು ತಿಂಗಳು ಹಿಡಿಯಿತು, ತಾಳ್ಮೆ ಬೇಕು.

ಕಾರಣ ಏನೇ ಇರಲಿ, ಕ್ಯಾಕರಿಸುವುದನ್ನು ಮಾತ್ರ ನಿಲ್ಲಿಸಿ. ಪ್ರತಿ ಸಲ ಕ್ಯಾಕರಿಸಿದಾಗಲೂ ಗಂಟಲು ಉಜ್ಜಿ ಊದಿಕೊಳ್ಳುತ್ತದೆ, ಊದಿದ್ದೇ ಮತ್ತೆ ಕಫ ಇದ್ದ ಹಾಗೆ ಅನಿಸುತ್ತದೆ, ಮತ್ತೆ ಕ್ಯಾಕರಿಸುತ್ತೀರಿ. ಹಾಗೆ ಅನಿಸಿದಾಗೆಲ್ಲ ಒಂದು ಗುಟುಕು ನೀರು ಕುಡಿದು ನುಂಗಿ. ಬೀಡಿ ಸಿಗರೇಟು ಸೇದುವವರು ಅದನ್ನು ಬಿಡದೆ ಇದು ಹೋಗುವುದು ಕಷ್ಟ. ರಾಮಿಪ್ರಿಲ್, ಎನಲಾಪ್ರಿಲ್ ತರಹದ ಬಿಪಿ ಮಾತ್ರೆಯಿಂದಲೂ ಗಂಟಲು ಕೆರೆದು ಒಣಕೆಮ್ಮು ಬರಬಹುದು, ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ನುಂಗಲು ಕಷ್ಟ, ಉಗುಳಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು, ತೂಕ ಇಳಿಯುವುದು, ಮೂರು ವಾರ ದಾಟಿದರೂ ಸರಿಹೋಗದ ದನಿ, ಇದರಲ್ಲಿ ಒಂದಿದ್ದರೂ ಮನೆಮದ್ದು ಮಾಡುತ್ತಾ ಕೂರದೆ ಕಿವಿ ಮೂಗು ಗಂಟಲ ಡಾಕ್ಟರ ಹತ್ತಿರ ಹೋಗಿ. ತಂಬಾಕು, ಗುಟ್ಕಾ ಅಭ್ಯಾಸ ಇದ್ದವರಂತೂ ತಡ ಮಾಡಲೇಬೇಡಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಟ್ಟು ಟಿಬಿ ಪರೀಕ್ಷೆ ಮಾಡಿಸಿ, ಅಲ್ಲಿ ಅದಕ್ಕೆ ದುಡ್ಡಿಲ್ಲ.